ಮೈನಸ್ 25,536 ರೂಪಾಯಿ

2004ರ ಒಂದು ಸಂಜೆ ನಮ್ಮ ಮನೆ ಮಾಲೀಕರಾದ ಅಜ್ಜಿಯನ್ನು ನಾನು 25,536 ರೂಪಾಯಿ ಸಾಲಕ್ಕೆ ನೂಕಿದೆ. ಹೊರಟಿದ್ದು ಉಪಕಾರ ಮಾಡುವುದಕ್ಕೆ.

ದಾವಣಗೆರೆಯಲ್ಲಿ ಆಗ ನಾನು ಇಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದೆ. ನನ್ನದು ಜಗಳೂರು ಕಡೆಯ ಹಳ್ಳಿ. ನಾನು ಶಾಲೆಗೆ ಸೇರಿದಾಗ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಊರು, 1997ರಲ್ಲಿ ಕೂತಲ್ಲಿಂದ ಏಳದೆ ದಾವಣಗೆರೆ ಜಿಲ್ಲೆಗೆ ಸೇರಿಕೊಂಡಿತು. ಅದೇ ಧೈರ್ಯದಲ್ಲಿ ನಾನೂ ಕನ್ನಡ ಮಾಧ್ಯಮದಿಂದ ಬಂದು, ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಸಿ ಭಾಷೆಯ ತರಗತಿಯಲ್ಲಿ ಕೂತಿದ್ದೆ. ಸುಮ್ಮನೆ ಕೂತಿದ್ದರೆ ಉಳಿದದ್ದು ತಾನಾಗಿಯೇ ಆಗುತ್ತದೆ ಎಂಬ ನಂಬಿಕೆ. ಆಗಲಿಲ್ಲ.

ಮೊದಲ ದಿನ ಮೇಷ್ಟ್ರು, ಸಿ ಭಾಷೆಯನ್ನು 1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ರೂಪಿಸಿದರು ಎಂದು ಬರೆಸಿದರು. ಇಡೀ ವಿಷಯದಲ್ಲಿ ನನಗೆ ಸಂದೇಹವಿಲ್ಲದೆ ಅರ್ಥವಾದದ್ದು ಅದೊಂದೇ ವಾಕ್ಯ. ಮರುದಿನ 'ಎಲ್ಲಕ್ಕೂ ಮೊದಲು ಮೇನ್ ಫಂಕ್ಷನ್ ಇರಬೇಕು' ಎಂದರು. ನಮ್ಮ ಕಡೆ ಫಂಕ್ಷನ್ ಎಂದರೆ ಮದುವೆ, ನಾಮಕರಣ, ಗೃಹಪ್ರವೇಶ. ಮೇನ್ ಫಂಕ್ಷನ್ ಎಂದರೆ ಮುಹೂರ್ತದ ಊಟವೇ ಇರಬೇಕು ಎಂದುಕೊಂಡು ಪುಟ ತಿರುಗಿಸಿದೆ.

ಲ್ಯಾಬಿನಲ್ಲಿ, ಸಿ ಪ್ರೋಗ್ರಾಂ ಬರೆದು ಓಡಿಸುವ ಟರ್ಬೊ ಸಿಯ ಆ ನೀಲಿ ಪರದೆ. ಒಂದು ಕಂಪ್ಯೂಟರಿಗೆ ಇಬ್ಬರು. ಒಬ್ಬ ಒತ್ತುವವನು, ಇನ್ನೊಬ್ಬ ನಿಟ್ಟುಸಿರು ಬಿಡುವವನು. ಹನ್ನೊಂದನೆಯ ಸಾಲಿನ ಕೊನೆಯಲ್ಲಿ ಸೆಮಿಕೋಲನ್ ಮರೆತರೆ ಅದು ಹನ್ನೆರಡನೆಯ ಸಾಲಿನ ಮೇಲೆ ದೂರು ಹೇಳುತ್ತಿತ್ತು. ಕದ್ದವನು ಪಕ್ಕದ ಮನೆಯವನು, ಪೊಲೀಸರು ಬಂದದ್ದು ನಮ್ಮ ಮನೆಗೆ. ನಾನು ಆ ನಿರಪರಾಧಿ ಹನ್ನೆರಡನೆಯ ಸಾಲನ್ನು ಎಷ್ಟು ಸಲ ಅಳಿಸಿ ಬರೆದಿದ್ದೇನೋ ಲೆಕ್ಕವಿಲ್ಲ.

'ಯಾರಿಗಾದರೂ ಡೌಟ್ ಇದೆಯೇ?' ಎಂದು ಮೇಷ್ಟ್ರು ಪ್ರತಿ ತರಗತಿಯ ಕೊನೆಗೂ ಕೇಳುತ್ತಿದ್ದರು. ಕೇಳಿದೊಡನೆ ಇಡೀ ತರಗತಿಗೆ ತಂತಮ್ಮ ಪುಸ್ತಕದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತಿತ್ತು. ಡೌಟ್ ಬರಬೇಕಾದರೆ ಅರ್ಧವಾದರೂ ತಿಳಿದಿರಬೇಕು. ನನ್ನಲ್ಲಿದ್ದದ್ದು ಅಪ್ಪಟ ಅಜ್ಞಾನ. ಅದಕ್ಕೆ ಕೈ ಎತ್ತುವ ಪದ್ಧತಿ ಇದ್ದಂತಿರಲಿಲ್ಲ.

ಇನ್ನು ಅಜ್ಜಿಯ ವಿಷಯ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ದಾವಣಗೆರೆ ಮೆರೆದ ಕಾಲದಲ್ಲಿ ಅವರ ಯಜಮಾನರು ಹತ್ತಿ ಗಿರಣಿಯಲ್ಲಿ ತೂಕದ ವಿಭಾಗದಲ್ಲಿದ್ದರಂತೆ. ಯಜಮಾನರೂ ಹೋಗಿ, ಗಿರಣಿಯೂ ಬಾಗಿಲು ಹಾಕಿ, ಅಜ್ಜಿಗೆ ಉಳಿದದ್ದು ಎರಡು ಬಾಡಿಗೆ ಕೋಣೆ ಮತ್ತು ಬೀದಿಯ ಹೆಂಗಸರ ಚೀಟಿ. 20 ಜನ, ತಿಂಗಳಿಗೆ ತಲಾ 2,000 ರೂಪಾಯಿ. ಲೆಕ್ಕವೆಲ್ಲ ಬೆರಳ ಗೆಣ್ಣಿನ ಮೇಲೆ. ನೋಟುಪುಸ್ತಕ ಇದ್ದದ್ದು ಬೇರೆಯವರ ಸಮಾಧಾನಕ್ಕೆ. 'ಅಜ್ಜಿ, ಇದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ' ಎಂದು ನಾನು ಒಂದು ದಿನ ಹೇಳಿಬಿಟ್ಟೆ. ಬಾಡಿಗೆ ಕೊಡುವುದು ಹತ್ತು ದಿನ ತಡವಾಗಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಜನರ ಸಂಖ್ಯೆ, ಕಂತು, ಎರಡನ್ನೂ ಗುಣಿಸಿದರೆ ಒಟ್ಟು ಹಣ. ಮೂರನ್ನೂ 'ಇಂಟ್' ಜಾತಿಗೆ, ಅಂದರೆ ಪೂರ್ಣಾಂಕ ಇಡುವ ಜಾಗಕ್ಕೆ, ಸೇರಿಸಿದೆ. ಒಂದೂ ತಪ್ಪು ತೋರಿಸದೆ ಪ್ರೋಗ್ರಾಂ ಓಡಿತು. ಅಂಚಿನಲ್ಲಿ ತೂತುಗಳಿರುವ ಕಾಗದದ ಮೇಲೆ ಮುದ್ರಿಸಿ ತಂದು, ಪ್ರಸಾದ ಕೊಡುವಂತೆ ಅಜ್ಜಿಯ ಕೈಗಿಟ್ಟೆ. ಅವರು ಕನ್ನಡಕ ಏರಿಸಿ ಓದಿದರು.

'25,536. ಅದರ ಮುಂದೆ ಇದೇನು ಗೆರೆ?'

'ಮೈನಸ್ ಅಜ್ಜಿ.'

'ಅಂದರೆ ನಾನೇ ಕೊಡಬೇಕೇ? ಯಾರಿಗೆ?'

ಅಂದಿನಿಂದ ಶುರುವಾಯಿತು ನನ್ನ ಸಹಾಯ ಯಾತ್ರೆ. ಲ್ಯಾಬ್ ನೋಡಿಕೊಳ್ಳುವವರು ರೀಸ್ಟಾರ್ಟ್ ಮಾಡು ಎಂದರು. ಮಾಡಿದೆ. ಯಂತ್ರ ಆಡಿದ ಮಾತಿಗೆ ತಪ್ಪಲಿಲ್ಲ, ಮತ್ತೆ ಮೈನಸ್ 25,536. ಪಕ್ಕದಲ್ಲಿ ನಿಟ್ಟುಸಿರು ಬಿಡುವ ಗೆಳೆಯನಿಗೆ ಮಿಂಚಿನಂಥ ಉಪಾಯ ಹೊಳೆಯಿತು: ಕೊನೆಗೆ ಮೈನಸ್ ಒಂದರಿಂದ ಗುಣಿಸಿಬಿಡು! ಗುಣಿಸಿದೆ. ಸಾಲವೇನೋ ತೀರಿತು, ಆದರೆ ಚೀಟಿಯಲ್ಲಿ 14,464 ರೂಪಾಯಿ ಕಾಣೆಯಾಯಿತು. ಜೈಲಿಗೆ ಹೋಗುವವರು ಬದಲಾದರು, ಅಷ್ಟೇ.

ಧೈರ್ಯ ಮಾಡಿ ಮೇಷ್ಟ್ರ ಕೋಣೆಗೂ ಹೋದೆ. ಅವರು ನಿಜಕ್ಕೂ ಒಳ್ಳೆಯವರು. 'ಕೂತುಕೊಳ್ಳಪ್ಪಾ, ಎಲ್ಲಿ ಪ್ರೋಗ್ರಾಂ?' ಎಂದರು. ತಂದಿರಲಿಲ್ಲ. 'ಸರ್, ಉತ್ತರ ತಪ್ಪು ಬರುತ್ತದೆ' ಎಂದೆ. 'ಯಾವುದರ ಉತ್ತರ?' ಎಂದರು. ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದವನು ಹೊಟ್ಟೆಯನ್ನು ಮನೆಯಲ್ಲೇ ಬಿಟ್ಟುಹೋದ ಹಾಗೆ. 'ನಾಳೆ ಬರೆದುಕೊಂಡು ಬಾ' ಎಂದರು. ಆ ನಾಳೆ ನನಗೆ ಬರಲೇ ಇಲ್ಲ. ಎರಡನೆಯ ಸಲ ಹೋಗಿ ದಡ್ಡನೆನಿಸಿಕೊಳ್ಳುವುದಕ್ಕಿಂತ ಮೂಲೆಯಲ್ಲಿ ಕೂತು ದಡ್ಡನಾಗಿರುವುದು ಸುಲಭವೆನಿಸಿತು.

ಉಳಿದದ್ದು ಸೀನಿಯರ್. ಅವನ ಸಲಹೆಗೆ ದರ ನಿಗದಿಯಾಗಿತ್ತು: ಎರಡು ಬೆಣ್ಣೆ ದೋಸೆ. ಮೊದಲನೆಯದು ಮುಗಿಯುವವರೆಗೂ ಬಾಯಿ ಬಿಡಲಿಲ್ಲ, ಅಂದರೆ ಮಾತಿಗೆ. ಎರಡನೆಯದರ ನಡುವೆ, ಬೆರಳಿನ ಬೆಣ್ಣೆ ನೆಕ್ಕುತ್ತಾ ಹೇಳಿದ: 'ನಮ್ಮ ಲ್ಯಾಬಿನ ಇಂಟ್ 16 ಬಿಟ್ಟಿನದು, ಅಂದರೆ ಸೊನ್ನೆಯೋ ಒಂದೋ ಕೂರುವ 16 ಮನೆಗಳಷ್ಟೇ. ಮೈನಸ್ 32,768ರಿಂದ 32,767ರವರೆಗೆ ಮಾತ್ರ ಅದಕ್ಕೆ ಎಣಿಸಲು ಬರುತ್ತದೆ. ನಿನ್ನದು 40,000. ಒಟ್ಟು ಹಣಕ್ಕೆ ಲಾಂಗ್ ಹಾಕು, ಅದು ಇಂಟ್‌ಗಿಂತ ದೊಡ್ಡ ಜಾಗ.' ದುಡ್ಡು ದಂಡವಾಗಲಿಲ್ಲ ಎಂದು ಓಡಿಹೋಗಿ ಲಾಂಗ್ ಹಾಕಿದೆ. ಮೈನಸ್ 25,536! ಸೀನಿಯರ್ ಅಷ್ಟು ಹೊತ್ತಿಗೆ ಊರಿನ ಬಸ್ ಹತ್ತಿದ್ದ.

ಸಂಜೆ ಅಜ್ಜಿ ಮಂಡಕ್ಕಿ ಒಗ್ಗರಣೆ ಮಾಡಿ, ಮೆಣಸಿನಕಾಯಿ ಬಜ್ಜಿ ಕರಿದಿದ್ದರು. 'ನನ್ನ ಸಾಲ ಎಲ್ಲಿಗೆ ಬಂತು ತಮ್ಮಾ?' ಎಂದರು. ಅವರಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಇಡೀ ಕಥೆಯನ್ನು ಗಟ್ಟಿಯಾಗಿ, ಒಂದೊಂದು ಸಾಲನ್ನೂ ಎರಡೆರಡು ಸಲ ಹೇಳಬೇಕಾಯಿತು. ಬೀದಿಗೆಲ್ಲ ನನ್ನ ಪ್ರೋಗ್ರಾಂ ಬಾಯಿಪಾಠವಾಗಿರಬೇಕು.

'ನಮ್ಮ ಯಜಮಾನರು ಹೇಳುತ್ತಿದ್ದರು,' ಎಂದರು ಅಜ್ಜಿ. 'ಗಿರಣಿಯಲ್ಲಿ ಮುಳ್ಳಿನ ತಕ್ಕಡಿ ಇತ್ತಂತೆ. ಅಳತೆ ಮೀರಿ ಅರಳೆ ಹೇರಿದರೆ ಮುಳ್ಳು ಪೂರ್ತಿ ಸುತ್ತಿ ಮತ್ತೆ ಮೊದಲಿಗೇ ಬರುತ್ತಿತ್ತಂತೆ. ನಿನ್ನದೂ ಅದೇ ಅಲ್ಲವೇ?'

ಅದೇ. ನಮ್ಮ ಮುಳ್ಳು ಸೊನ್ನೆಗೆ ಬರುವ ಬದಲು ಮೈನಸ್ 32,768ಕ್ಕೆ ಹಾರಿ ಅಲ್ಲಿಂದ ಮೇಲಕ್ಕೆ ಹತ್ತುತ್ತದೆ, ವ್ಯತ್ಯಾಸ ಅಷ್ಟೇ. 'ಅದಕ್ಕೇ ಒಟ್ಟು ಹಣಕ್ಕೆ ದೊಡ್ಡ ಜಾಗ ಮಾಡಿದೆ ಅಜ್ಜಿ, ಆದರೂ ಬರಲಿಲ್ಲ.'

'ದೊಡ್ಡ ಚೀಲ ತಂದೆ, ಸರಿ. ತೂಗಿದ್ದು ಯಾವುದರಲ್ಲಿ?'

ಬಜ್ಜಿ ಬಾಯಿಯ ಹತ್ತಿರವೇ ನಿಂತಿತು. ತೂಗಿದ್ದು ಹಳೆಯ ತಕ್ಕಡಿಯಲ್ಲೇ! ಜನರ ಸಂಖ್ಯೆಯೂ ಇಂಟ್, ಕಂತೂ ಇಂಟ್. ಎರಡು ಇಂಟ್‌ಗಳನ್ನು ಗುಣಿಸಿದರೆ ಸಿ ಭಾಷೆ ಇಂಟ್‌ನಲ್ಲೇ ಗುಣಿಸುತ್ತದೆ. ಮುಳ್ಳು ಸುತ್ತಿ ಬಂದ ಮೇಲೆ ಅದನ್ನು ಎಷ್ಟು ದೊಡ್ಡ ಲಾಂಗ್‌ಗೆ ಸುರಿದರೇನು, ಬೀಳುವುದು ಕೆಟ್ಟ ಲೆಕ್ಕವೇ. ಮರುದಿನ ಕಂತನ್ನೂ ಲಾಂಗ್ ಮಾಡಿದೆ. ಪರದೆಯ ಮೇಲೆ 40000 ಮೂಡಿದಾಗ ನಾನು ಹಾಕಿದ ಕೂಗಿಗೆ ಪಕ್ಕದವನು ಬೆಚ್ಚಿ ಸ್ವಿಚ್ ಒದ್ದು, ಕಂಪ್ಯೂಟರ್ ಆರಿ, ಉಳಿಸಿಕೊಳ್ಳದ ಪ್ರೋಗ್ರಾಂ ಹೋಯಿತು. ಮತ್ತೆ ಬರೆದೆ. ಹನ್ನೊಂದನೆಯ ಸಾಲಿಗೆ ಸೆಮಿಕೋಲನ್ ಮರೆತು.

ಹೊಸ ಕಾಗದ ನೋಡಿ ಅಜ್ಜಿ ಹೇಳಿದರು: 'ಇಪ್ಪತ್ತು ಎರಡಲ ನಲವತ್ತು. ಇದು ನನಗೆ ಮೊದಲೇ ಗೊತ್ತಿತ್ತಲ್ಲ ತಮ್ಮಾ?'

ಅವಮಾನ ಮುಚ್ಚಿಕೊಳ್ಳಲು ಎರಡನೆಯ ಪುಟ ತೋರಿಸಿದೆ. ಆ ತಿಂಗಳು ಚೀಟಿ ಎತ್ತಿದವರು 3,550 ರೂಪಾಯಿ ಬಿಟ್ಟುಕೊಟ್ಟಿದ್ದರು. ಅದನ್ನು 20 ಜನರಿಗೂ ಹಂಚಿ, ತಲಾ 177 ರೂಪಾಯಿ ಎಂದು ಮುದ್ರಿಸಿದ್ದೆ. ಅಜ್ಜಿಯ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಿತು.

'177ರ ಮೇಲೆ ಐವತ್ತು ಪೈಸೆ ಬರಬೇಕು. ಎಲ್ಲಿ?'

'ಪೂರ್ಣಾಂಕಗಳನ್ನು ಭಾಗಿಸಿದರೆ ಸಿ ಭಾಷೆ ಚಿಲ್ಲರೆಯನ್ನು ಬಿಟ್ಟುಬಿಡುತ್ತದೆ ಅಜ್ಜಿ.'

'ಬಿಟ್ಟುಬಿಡುತ್ತದೆಯೇ? 20 ಜನರದು ಸೇರಿದರೆ 10 ರೂಪಾಯಿ. ನಾಳೆ ಅವರು ಬಂದು ಕೇಳಿದರೆ ಯಾರು ಕೊಡುತ್ತಾರೆ?'

ಡೆನ್ನಿಸ್ ರಿಚಿಯ ಪರವಾಗಿ ಜೇಬಿನಿಂದ 10 ರೂಪಾಯಿ ತೆಗೆದುಕೊಟ್ಟೆ. ಅಜ್ಜಿ ಅದನ್ನು ಎಲೆಅಡಿಕೆ ಸಂಚಿಗೆ ಸೇರಿಸಿ, 'ಇನ್ನು ಬಾಡಿಗೆ?' ಎಂದರು.