ಸ್ಪಷ್ಟನೆ: ಆಫ್ರಿಕಾದ ಸಿನಿಮಾ 1992ರಲ್ಲಿ ಹುಟ್ಟಿದ್ದಲ್ಲ

‘ಆಫ್ರಿಕನ್ನರ ಮೊದಲ ಸಿನಿಮಾ 1992ರ ನೈಜೀರಿಯಾದ “ಲಿವಿಂಗ್ ಇನ್ ಬಾಂಡೇಜ್”, ಅಲ್ಲಿನ ಕಥೆಗಳೆಲ್ಲ ಬರೀ ಮಾಟಮಂತ್ರ’ ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು.

ಸೆನೆಗಲ್‌ನ ಉಸ್ಮಾನ್ ಸೆಂಬೆನ್ 1963ರಲ್ಲೇ ‘ಬೋರೋಮ್ ಸಾರೆ’ ಮಾಡಿದ್ದರು. ಅಲ್ಲಿನ ರಾಜಧಾನಿ ಡಾಕಾರ್‌ನ ಬಡ ಕುದುರೆಗಾಡಿಯವನ ಒಂದು ದಿನ, ಸುಮಾರು 20 ನಿಮಿಷದ ಚಿತ್ರ. ಶ್ರೀಮಂತರ ಬಡಾವಣೆಗೆ ಗಾಡಿ ಹೊಡೆದನೆಂದು ಪೊಲೀಸರು ಗಾಡಿಯನ್ನೇ ಕಿತ್ತುಕೊಳ್ಳುತ್ತಾರೆ. ಇಷ್ಟು ಬಿಗಿಯಾದ ಕಥನ ಈಗಲೂ ಅಪರೂಪ.

‘ಲಿವಿಂಗ್ ಇನ್ ಬಾಂಡೇಜ್’ನಲ್ಲಿ ದುಡ್ಡಿಗಾಗಿ ಹೆಂಡತಿಯನ್ನೇ ಬಲಿ ಕೊಡುವುದು ನಿಜ. ಆದರೆ ಅದರ ಹೆಗ್ಗಳಿಕೆ ಬೇರೆ: ಥಿಯೇಟರ್ ಹಂಗಿಲ್ಲದೆ, ನೇರವಾಗಿ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್‌ನಲ್ಲಿ ಮಾರಾಟವಾಗಿ ಗೆದ್ದದ್ದು. ಆಮೇಲೆ ಕ್ಯಾಸೆಟ್ ವ್ಯಾಪಾರಕ್ಕೆಂದು ಒಂದೇ ಕಥೆಯನ್ನು ಭಾಗ 1, ಭಾಗ 2 ಎಂದು ಎಳೆಯುವ ಚಾಳಿ ಬೆಳೆಯಿತು. ನಾಲಿವುಡ್‌ನ, ಅಂದರೆ ನೈಜೀರಿಯಾ ಚಿತ್ರರಂಗದ, ಎಷ್ಟೋ ಕಥೆಗಳು ಸೊರಗಿದ್ದು ಮಾಟದಿಂದಲ್ಲ, ಈ ಎಳೆದಾಟದಿಂದ.