ಫ್ಲ್ಯಾಟ್ ನಂಬರ್ 302 ಕಳವಾಗಿದೆ!

ಮುಂಬೈ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಇವತ್ತು ಬೆಳಿಗ್ಗೆ ಸೆಕ್ರೆಟರಿಗಳ ನೋಟಿಸು: 'ಫ್ಲ್ಯಾಟ್ ನಂಬರ್ 302 ವಾಸ್ ಸ್ಟೋಲನ್ ಲಾಸ್ಟ್ ನೈಟ್.' ಮೂರನೇ ಮಹಡಿಗೆ ಓಡಿದವರಿಗೆ ಫ್ಲ್ಯಾಟು ಇದ್ದಲ್ಲೇ ಕಂಡಿತು. ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಹೆಸರಲ್ಲಿ ಮುಂಬೈಯಲ್ಲಿ ಫ್ಲ್ಯಾಟೇ ಮಾಯವಾಗುವುದುಂಟು, ಅದು ಬೇರೆ ಮಾತು. ಇಲ್ಲಿ ಬೀಗ ಒಡೆದು ಒಯ್ದದ್ದು ಒಂದು ಭರ್ತಿ ಗ್ಯಾಸ್ ಸಿಲಿಂಡರು.

'ಸ್ಟೀಲ್' ಕ್ರಿಯಾಪದಕ್ಕೆ ಕರ್ಮ, ಕಳ್ಳ ಒಯ್ದ ವಸ್ತು. 'ರಾಬ್'ಗೆ ಕರ್ಮ, ಕಳಕೊಂಡ ಮನುಷ್ಯ ಅಥವಾ ಜಾಗ. ಸಿಲಿಂಡರ್ 'ಸ್ಟೋಲನ್', ಮನೆಯವರು 'ರಾಬ್ಡ್'. ನುಗ್ಗಿ ಕದ್ದಿದ್ದರಿಂದ ಫ್ಲ್ಯಾಟಿಗೆ 'ಬರ್ಗಲ್ಡ್' ಇನ್ನೂ ಸರಿ. ಕನ್ನಡದಲ್ಲಿ 'ಮನೆ ಕಳ್ಳತನವಾಯಿತು', 'ಸಿಲಿಂಡರ್ ಕಳ್ಳತನವಾಯಿತು' ಎರಡೂ ನಡೆಯುತ್ತವೆ, ಎಡವುವುದು ಅಲ್ಲೇ. ವ್ಯಾಕರಣದ ಕರ್ಮ ತಪ್ಪಿದರೆ ಓದುವವರ ಕರ್ಮ.

ಇದೇ ಮಹಾಶಯರು ಮೊನ್ನೆ ಏಣಿ ಕೇಳಿದ್ದು ಹೀಗೆ: 'ಪ್ಲೀಸ್ ಬಾರೋ ಮಿ ಯುವರ್ ಲ್ಯಾಡರ್.' ನಾಲ್ಕನೇ ಮಹಡಿಯ ಕಾಕಾ ಉತ್ತರಿಸಿದರು: 'ಶೂರ್, ಐ ವಿಲ್ ಬಾರೋ ಯು.' ಇಬ್ಬರ ತಪ್ಪೂ ಸೇರಿ ಏಣಿ ಸರಿಯಾದ ಮನೆಗೇ ತಲುಪಿತು! ಮೈ ಉರಿಯುವುದು ಅದಕ್ಕೇ. ಸಾಲ ಕೊಡು, ಸಾಲ ತಗೋ ಎಂದು ನಾವು ಒಂದೇ ಸಾಲಕ್ಕೆ ಬಾಲ ಬದಲಿಸುತ್ತೇವೆ; ಮರಾಠಿ, ಹಿಂದಿಯ 'ಉಧಾರ'ಕ್ಕೂ ಅದೇ ಪಾಡು. ಹಾಗಾಗಿ ಲಿಫ್ಟಿನಲ್ಲಿ ತಿದ್ದುವವರೇ ಸಿಗುವುದಿಲ್ಲ. ಇಸಕೊಳ್ಳುವವನು 'ಬಾರೋ', ಜೊತೆಗೆ 'ಫ್ರಮ್'. ಕೊಡುವವನು 'ಲೆಂಡ್', ಜೊತೆಗೆ 'ಟು'. ಕೊಟ್ಟಾದ ಮೇಲೆ 'ಲೆಂಟ್', 'ಲೆಂಡೆಡ್' ಎಂಬುದಿಲ್ಲ. ಏಣಿ ವಾಪಸ್ ಬಂದರೆ ಸಾಕು ಎನ್ನುವವರಿಗೆ ಇದೆಲ್ಲ ತಲೆನೋವು.

ನಮ್ಮ 'ನೋಡು' ಲೋಕಲ್ ಹತ್ತಿದೊಡನೆ ಮೂರಾಗುತ್ತದೆ. ದಾದರಿನಲ್ಲಿ ರೈಲು ತಾನಾಗಿ ಕಣ್ಣಿಗೆ ಬಿದ್ದರೆ 'ಸೀ'. ಫಾಸ್ಟೋ ಸ್ಲೋವೋ ಎಂದು ಇಂಡಿಕೇಟರಿನತ್ತ ಕತ್ತೆತ್ತಿದರೆ 'ಲುಕ್', ಹಿಂದೆಯೇ 'ಆ್ಯಟ್'. ರ‍್ಯಾಕಿನ ಮೇಲಿಟ್ಟ ಬ್ಯಾಗನ್ನು ಮುಲುಂಡ್ ತನಕ ಕಾಯುವುದು 'ವಾಚ್'. 'ಕೇಳು' ಇನ್ನೂ ಅಪಾಯಕಾರಿ. ಕಿವಿಗೆ ಬೀಳುವುದು 'ಹಿಯರ್', ಕಿವಿಗೊಡುವುದು 'ಲಿಸನ್ ಟು'. ಗದ್ದಲದ ಡಬ್ಬಿಯಿಂದ ಬಾಸ್‌ಗೆ 'ಐ ಆ್ಯಮ್ ನಾಟ್ ಲಿಸನಿಂಗ್ ಟು ಯು' ಎಂದು ಕೂಗುವವನ ಪ್ರಕಾರ ಅದು 'ಕೇಳಿಸ್ತಿಲ್ಲ ಸಾರ್'. ಬಾಸ್‌ಗೆ ತಲುಪುವುದು 'ನಿಮ್ಮ ಮಾತು ಕೇಳಲ್ಲ, ಹೋಗ್ರೀ'.

'ಲೈಟ್ ಕ್ಲೋಸ್ ಮಾಡು' ಎಂಬುದು ಇಲ್ಲಿನ 'ಬಂದ್ ಕರ್' ದಯಪಾಲಿಸಿದ್ದು. ಬೇಕಾದ್ದು 'ಟರ್ನ್ ಆಫ್' ಅಥವಾ 'ಸ್ವಿಚ್ ಆಫ್'. ಬಾಗಿಲು ಮುಚ್ಚು, ನಲ್ಲಿ ನಿಲ್ಲಿಸು, ದೀಪ ಆರಿಸು ಎಂಬ ವಿಂಗಡಣೆ ಕನ್ನಡದಲ್ಲಿತ್ತು. ದೀಪಕ್ಕೆ 'ಆರಿಸು' ಅನ್ನುವುದೂ ಅಶುಭವೆಂದು ಅಜ್ಜಿಯರು 'ಶಾಂತ ಮಾಡು' ಅನ್ನುತ್ತಿದ್ದರು. ಮೊಮ್ಮಕ್ಕಳು ಮೂರನ್ನೂ ಕ್ಲೋಸ್ ಮಾಡಿ ಮಲಗುತ್ತಾರೆ.

ಭಾನುವಾರದ ಮೀಟಿಂಗಿನ ಅಜೆಂಡಾ ಈಗಷ್ಟೇ ಬಂತು: 'ಟು ಡಿಸ್ಕಸ್ ಅಬೌಟ್ ಟೆರೇಸ್ ಲೀಕೇಜ್.' 'ಟಾಕ್'ಗೆ 'ಅಬೌಟ್' ಬೇಕು, 'ಡಿಸ್ಕಸ್'ಗೆ ಬೇಡ. ತೆಗೆಯಿರಿ ಎಂದು ಬರೆಯಬಹುದಿತ್ತು. ಆದರೆ ಮೂರು ಮಳೆಗಾಲದಿಂದ ಟೆರೇಸಿನ ಬಗ್ಗೆ ಬರೀ 'ಟಾಕ್' ನಡೆದಿದೆ. ಸೆಕ್ರೆಟರಿಗಳು ಯಾವುದನ್ನು ತೆಗೆಯಬೇಕೆಂದು ಕೇಳಿದರೆ ಉತ್ತರ ಕಷ್ಟ.