ಖಾಲಿ ದಿನಕ್ಕೂ ಕೆಲಸ ಹಚ್ಚುವವರು

ಏನೂ ಮಾಡದೆ ಇರಲೆಂದೇ ಒಂದು ದಿನ ಎತ್ತಿಟ್ಟರೆ ಸಾಕು, ‘ಹೇಗೂ ಬಿಡುವಾಗಿದ್ದೀಯಲ್ಲ’ ಎಂದು ಯಾರಾದರೂ ಒಂದು ಕೆಲಸ ತಂದು ಒಪ್ಪಿಸುತ್ತಾರೆ. ಬಿಡುವಲ್ಲ ಮಾರಾಯರೇ, ಅದು ಗೊತ್ತುಮಾಡಿಕೊಂಡ ದಿನ! ಕ್ಯಾಲೆಂಡರಿನಲ್ಲಿ ಆ ಚೌಕವನ್ನು ಖಾಲಿ ಬಿಡುವುದೇ ಮೊದಲ ತಪ್ಪು. ಖಾಲಿ ಕಂಡಲ್ಲಿ ಎಲ್ಲರೂ ಕೆಲಸ ತುಂಬುತ್ತಾರೆ. ಅಲ್ಲಿ ‘ಸಿಗುವುದಿಲ್ಲ’ ಎಂದು ಬರೆದು, ಮನೆಯವರಿಗೆ 2 ದಿನ ಮೊದಲೇ ಹೇಳಿಬಿಡಬೇಕು.

ಇದಕ್ಕಿಂತ ಹೆಚ್ಚು ದಿನ ಕೆಡಿಸುವುದು ‘5 ನಿಮಿಷದ ಕೆಲಸ’. ಬಿಲ್ ಕಟ್ಟಲು ಫೋನ್ ತೆಗೆದರೆ ನಾಲ್ಕು ಮೆಸೇಜು ಕಣ್ಣಿಗೆ ಬೀಳುತ್ತವೆ. ಒಂದಕ್ಕೆ ಉತ್ತರ ಕೊಟ್ಟಿರೋ, ಮಧ್ಯಾಹ್ನವಾಯಿತು. ಹಾಗಾಗಿ ಬಿಲ್ಲು, ಬಟ್ಟೆ, ದಿನಸಿ ಎಲ್ಲ ಹಿಂದಿನ ಸಂಜೆಗೇ ಮುಗಿಯಬೇಕು. ಊಟ ಬಿಸಿ ಮಾಡಿಕೊಂಡರೆ ಆಯಿತು ಎನ್ನುವಂತಿರಬೇಕು. ಅಲಾರಂ ತೆಗೆದು, ತುರ್ತಿಗೆಂದು ಒಂದೆರಡು ನಂಬರಿಗೆ ಮಾತ್ರ ರಿಂಗ್ ಉಳಿಸಿ, ಫೋನನ್ನು ಬೇರೆ ಕೋಣೆಯಲ್ಲಿಡಬೇಕು. ಮೊದಲ ಒಂದೆರಡು ಗಂಟೆ ಚಡಪಡಿಕೆ ಇದ್ದೇ ಇರುತ್ತದೆ, ಕೈ ತಾನಾಗಿ ಪೊರಕೆ ಹುಡುಕುತ್ತದೆ. ಬಹಳ ಮಂದಿ ಅಲ್ಲೇ ಸೋತು ಕಪಾಟು ಜೋಡಿಸಲು ಕೂರುತ್ತಾರೆ. ಆ ಹೊತ್ತನ್ನು ದಾಟಿದರೆ ಮೈ ತಾನಾಗಿ ಸಡಿಲವಾಗುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಉಳಿಸಿಕೊಂಡ ದಿನದ ಸಂಜೆ ‘ಇಡೀ ದಿನ ಸುಮ್ಮನೆ ಕೂತೆಯಾ?’ ಎಂದು ಕೇಳುತ್ತಾರಲ್ಲ, ಅದು ನಿಜಕ್ಕೂ ನೋಯಿಸುತ್ತದೆ.